ಸೊಳ್ಳೆಮರಿಗಳ ಮೇಲೆ ಬೇವಿನ ಎಣ್ಣೆ: ಬಳಸಿ ನೋಡಿದ ಅನುಭವ

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಬೀಜ, ಗೊಬ್ಬರ ಮಾರುವ ಅಂಗಡಿಯೊಂದರಲ್ಲಿ ಸಿಗುವ, ನೀರಿಗೆ ಬೆರೆಯುವಂತೆ ತಯಾರಿಸಿದ ಬೇವಿನ ಎಣ್ಣೆಯನ್ನು ಈ ಮಳೆಗಾಲದಲ್ಲಿ ನಮ್ಮ ವಠಾರದ ನಿಂತ ನೀರಿಗೆ ಹಾಕುತ್ತಾ ಬಂದಿದ್ದೇವೆ. ಬೆಳೆಗಳ ಕೀಟಕ್ಕೆಂದು ಮಾರುವ ಈ ಎಣ್ಣೆಯ ಬಾಟಲಿಯ ಮೇಲೆ ಅಜಾಡಿರಾಕ್ಟಿನ್ (ಕೀಟಗಳ ಮೇಲೆ ಕೆಲಸ ಮಾಡುವ ಬೇವಿನ ಮುಖ್ಯ ಸಂಯುಕ್ತ) 1500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 1500 ಭಾಗ, ಎಂದು ಮುದ್ರಿಸಿದ್ದಾರೆ. ಈ ಅಂಕಿಯಿಲ್ಲದ ಬೇವಿನ ಎಣ್ಣೆಯನ್ನು ಈ ಕೆಲಸಕ್ಕೆ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಂಗಳೂರಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯಾದ ಅನಾಫಿಲಿಸ್ ಸ್ಟೀಫೆನ್ಸಿ ಚರಂಡಿಯ ಕೊಳಕು ನೀರಿಗಿಂತ ಮುಚ್ಚಳವಿಲ್ಲದ ಟ್ಯಾಂಕು, ಬಾವಿ ಹಾಗೂ ಹೊಸ ಕಟ್ಟಡಗಳ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ (ಕಾಂಕ್ರೀಟು ಗಟ್ಟಿಯಾಗಲೆಂದು) ನಿಲ್ಲಿಸುವ ತಿಳಿನೀರಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಅದರ ಮರಿಯನ್ನು ಗುರುತಿಸುವುದು ಸುಲಭ: ಇನ್ನೊಂದು ಜಾತಿಯ ಸೊಳ್ಳೆಯಾದ ಕ್ಯೂಲೆಕ್ಸ್‌ನ ಮರಿ ತಲೆ ಕೆಳಗಾಗಿ ಓರೆಯಾಗಿ ತೂಗಾಡಿದರೆ, ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಚಪ್ಪಟೆಯಾಗಿ ಮಲಗಿರುತ್ತದೆ.

ಎಣ್ಣೆ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗೆ ಹರಡುತ್ತದೆ. ಮರುದಿನ ಬಗ್ಗಿ ನೋಡಿದವರಿಗೆ ಮರಿಗಳು ಇನ್ನೂ ಹೊರಳಾಡುತ್ತಿರುವುದು ಕಂಡು ನಿರಾಸೆಯಾಗಬಹುದು, ಆದರೆ ಅಜಾಡಿರಾಕ್ಟಿನ್ ಮುಖ್ಯವಾಗಿ ಮರಿಯ ಹಾರ್ಮೋನುಗಳ ಏರುಪೇರಿನ ಮೂಲಕ ಪೊರೆ ಕಳಚದಂತೆ ತಡೆಯುವುದರಿಂದ ಅದರ ಫಲ ನಿಧಾನವಾಗಿಯೇ ಕಾಣಿಸುತ್ತದೆ. ಕೆಲವು ದಿನಗಳ ಬಳಿಕ ಅರ್ಧ ಪೊರೆಯೊಳಗೇ ಸಿಕ್ಕಿ ಸತ್ತ ಮರಿಗಳು ತೇಲುತ್ತಿದ್ದವು, ಕೋಶಾವಸ್ಥೆಗೆ ಬಂದವು ತೀರಾ ವಿರಳವಾಗಿದ್ದವು. ಕೀಟನಾಶಕಗಳಾದ ಡಿಡಿಟಿ, ಮ್ಯಾಲಾಥಿಯಾನ್‌ಗಳಿಗೆ ಸ್ಟೀಫೆನ್ಸಿ ದೇಶದ ಹಲವೆಡೆ ಒಗ್ಗಿಕೊಂಡಿರುವಾಗ ಬೇವಿನಂಥ ಸಸ್ಯಮೂಲದ ದಾರಿಗಳ ಸಂಶೋಧನೆ ನಡೆಯಲೇಬೇಕು. ಹಲವು ಸಂಯುಕ್ತಗಳು ಒಟ್ಟಿಗಿರುವ ಬೇವಿನಬೀಜದ ಸಾರಕ್ಕೆ ಕೀಟ ಸುಲಭವಾಗಿ ಒಗ್ಗುವುದಿಲ್ಲ ಎಂಬುದಕ್ಕೆ ಗಿಡಹೇನುಗಳ ಮೇಲಿನ ಪ್ರಯೋಗದಲ್ಲಿ ಆಧಾರವಿದೆ: ಸುಮಾರು 40 ತಲೆಮಾರುಗಳಲ್ಲಿ ಅವು ಶುದ್ಧ ಅಜಾಡಿರಾಕ್ಟಿನ್‌ಗೆ ಒಗ್ಗಿಕೊಂಡವು, ಸಾರಕ್ಕೆ ಒಗ್ಗಲಿಲ್ಲ.

ಕೊರತೆಯೂ ಸಣ್ಣದಲ್ಲ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗನೆ ನಾಶವಾಗುತ್ತದೆ, ಜೋರು ಮಳೆ ಬಂದರೆ ತೊಳೆದೇ ಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ಮತ್ತೆ ಹಾಕದೆ ಗತ್ಯಂತರವಿಲ್ಲ. ಕುಡಿಯುವ ನೀರಿನ ಟ್ಯಾಂಕಿಗೂ ಬಾವಿಗೂ ಇದನ್ನು ಖಂಡಿತ ಹಾಕಕೂಡದು. ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ಬಾವಿಗೆ ಬಲೆ ಅಥವಾ ಗಪ್ಪಿ ಮೀನು ಸರಿಯಾದ ಉಪಾಯ.

ಅದೇ ಅಂಗಡಿಯಲ್ಲಿ ಮೈಗೆ ಹಚ್ಚಿಕೊಳ್ಳಲು ಸಿಟ್ರೊನೆಲ್ಲಾ ಎಣ್ಣೆಯನ್ನೂ ಕೊಡುತ್ತಾರೆ. ಪರಿಮಳ ಹಿತವಾಗಿದೆ, ಆದರೆ ಸಾಮಾನ್ಯವಾಗಿ ಎರಡು ಗಂಟೆಯೂ ನಿಲ್ಲದ ಅದರ ರಕ್ಷಣೆಯನ್ನು ನಂಬಿ, ಸಂಜೆಯಿಂದ ರಾತ್ರಿಯವರೆಗೂ ಕಚ್ಚುವ ಈ ಸೊಳ್ಳೆಯೆದುರು ಸೊಳ್ಳೆಪರದೆ ಬಿಟ್ಟು ಮಲಗುವಂತಿಲ್ಲ.

ಬೇವಿನ ಎಣ್ಣೆಯನ್ನು ನಾವು ಮತ್ತೆಯೂ ಕೊಳ್ಳುತ್ತೇವೆ. ಅಂಗಡಿಯವರಲ್ಲಿ ನಮ್ಮ ಬೇಡಿಕೆ ಒಂದೇ: ಬಾಟಲಿಗಳನ್ನು ಬಿಸಿಲು ಬೀಳುವ ಎದುರಿನ ಕಪಾಟಿನಿಂದ ತೆಗೆದು ಒಳಗಿನ ನೆರಳಿನಲ್ಲಿ ಇಡಬೇಕು.