ಮೂರು ವರ್ಷ ಬಳಸಿದ ಮೇಲೆ: ನಮ್ಮ ಆರ್ಡರ್ ಸಾಫ್ಟ್‌ವೇರ್‌ನ ನೋಟಿಫಿಕೇಶನ್ ಬಗ್ಗೆ ನಾಲ್ಕು ಮಾತು

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ಕಟಿಂಗ್, ಹೊಲಿಗೆ ನಮ್ಮಲ್ಲೇ. ವಾಶಿಂಗ್‌ಗೆ, ಅಂದರೆ ತೊಳೆದು ಬೇಕಾದ ಬಣ್ಣದ ಶೇಡ್ ತರಿಸಲು, ಹೊರಗೆ ಕೊಡುತ್ತೇವೆ. ಯಾವ ಲಾಟ್ (ಒಟ್ಟಿಗೆ ತಯಾರಾಗುವ ಮಾಲಿನ ಕಂತು) ಎಲ್ಲಿಗೆ ಬಂತು ಅಂತ ನೋಡಿಕೊಳ್ಳಲು ಮೂರು ವರ್ಷದಿಂದ ಒಂದು ಆನ್‌ಲೈನ್ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುತ್ತಿದ್ದೇವೆ. ಕಂಪನಿ ಹೆಸರು ಬೇಡ ಬಿಡಿ. ಮೊದಲು ಎಲ್ಲಾ ವಾಟ್ಸಾಪ್ ಗ್ರೂಪಿನಲ್ಲೇ ನಡೆಯುತ್ತಿತ್ತು. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಶೇಡ್ ಫೋಟೋ ಹುಡುಕಬೇಕಿತ್ತು. ಆ ಕಾಟ ತಪ್ಪಿತು, ಅದಕ್ಕೆ ಪೂರ್ತಿ ಮಾರ್ಕ್ಸ್.

ಈ ಸಾಫ್ಟ್‌ವೇರ್‌ನಲ್ಲಿ ಲಾಟಿಗೆ ಒಂದು ಕಾರ್ಡ್, ಅಂದರೆ ಆ ಲಾಟಿನದೇ ಒಂದು ಪುಟ. ಕಾರ್ಡಿನಲ್ಲಿ ಯಾರಾದರೂ ಏನಾದರೂ ಬರೆದರೆ ಮೇಲೆ ಗಂಟೆಯ ಚಿಹ್ನೆ ಮೇಲೆ ಕೆಂಪು ಅಂಕಿ ಬರುತ್ತದೆ. ಮೊದಲ ತಿಂಗಳು ಖುಷಿಯಾಗಿತ್ತು. ಎರಡನೇ ತಿಂಗಳಿಗೆ ಬೆಳಗ್ಗೆ ಟೀ ಕುಡಿಯುವಷ್ಟರಲ್ಲಿ ಅರವತ್ತು ದಾಟುತ್ತಿತ್ತು. ಕಾರಣ ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ಕಾರ್ಡಿನಲ್ಲಿ ಒಂದು ಸಲ ‘ಓಕೆ’ ಅಂತ ಬರೆದರೂ ಸಾಕು, ಆ ಕಾರ್ಡಿನ ಹಿಂಬಾಲಕರ ಪಟ್ಟಿಗೆ ನಾವು ಸೇರಿಬಿಡುತ್ತೇವೆ. ಆಮೇಲೆ ಅಲ್ಲಿ ಯಾರು ಜಿಪ್ ಬಂದಿಲ್ಲ ಅಂದರೂ, ಯಾರು ಬಟನ್ ಎಣಿಸಿದರೂ ನಮಗೆ ಸುದ್ದಿ. ಬೇಡ ಅಂದರೆ ಕಾರ್ಡಿಗೆ ಕಾರ್ಡೇ ಹೋಗಿ ‘ಫಾಲೋ’ ತೆಗೆಯಬೇಕು. ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಎರಡೇ ಉಳಿಸಿಕೊಂಡೆ. ಕೆಲಸ ನನ್ನ ಹೆಸರಿಗೆ ಬಂದಾಗ ಒಂದು. ‘@’ ಹಾಕಿ ನನ್ನ ಹೆಸರು ಬರೆದಾಗ ಇನ್ನೊಂದು. ಮಿಕ್ಕಿದ್ದೆಲ್ಲ ಸಂಜೆ ಒಂದೇ ಇಮೇಲ್ ಆಗಿ ಬರುತ್ತದೆ. ನಿಜ ಹೇಳಬೇಕೆಂದರೆ ಅದನ್ನು ನಾನು ಓದುವುದು ವಾರಕ್ಕೊಮ್ಮೆ.

ಎಲ್ಲಾ ಸರಿಹೋಯಿತು ಅಂದುಕೊಂಡಿದ್ದೆ. ಹೋದ ದೀಪಾವಳಿಗೆ ಮುಂಚೆ ಒಂದು ಶುಕ್ರವಾರ ಈ ಕತೆ ನಡೆಯಿತು. ಟ್ರಯಲ್ ಪೀಸ್ ವಾಶ್ ಆಗಿತ್ತು. ನಾವು ಶೇಡ್ ನೋಡಿ ಹೂಂ ಅಂದರೆ ಮಾತ್ರ ಲಾಟ್ ಮೆಷಿನ್ನಿಗೆ ಇಳಿಯುತ್ತದೆ. ಸಂಜೆ ಆರಾದರೂ ಸುದ್ದಿ ಇಲ್ಲ. ವಾಶಿಂಗ್‌ನ ಹುಡುಗನಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಕೇಳಿದೆ.

“ಅಣ್ಣಾ, ಬೆಳಗ್ಗೆ ಹನ್ನೊಂದಕ್ಕೇ ಫೋಟೋ ಹಾಕೀನಲ್ಲ. ನಿಮ್ಮ ಹೆಸರೂ ಹಾಕೀನಿ ನೋಡ್ರಿ.”

ನೋಡಿದೆ. ಹೌದು, ಇತ್ತು. ಫೋಟೋ, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಸಣ್ಣ ಬೂದು ಅಕ್ಷರದಲ್ಲಿ ‘ತಿದ್ದಲಾಗಿದೆ’. ಹುಡುಗ ಮೊದಲು ಬರೀ ಫೋಟೋ ಹಾಕಿದ್ದ. ಎರಡು ನಿಮಿಷ ಬಿಟ್ಟು ನೆನಪಾಗಿ, ಅದೇ ಕಾಮೆಂಟ್ ತಿದ್ದಿ ನನ್ನ ಹೆಸರು ಸೇರಿಸಿದ್ದ. ಈ ಸಾಫ್ಟ್‌ವೇರ್ ಗಂಟೆ ಹೊಡೆಯುವುದು ಮೊದಲ ಸಲ ಪೋಸ್ಟ್ ಮಾಡಿದಾಗ ಮಾತ್ರ. ತಿದ್ದಿ ಸೇರಿಸಿದ ಹೆಸರಿಗೆ ಏನೂ ಹೋಗುವುದಿಲ್ಲ. ಲಾಟ್ ಇಡೀ ದಿನ ಸುಮ್ನೆ ಬಿದ್ದಿತ್ತು. ಶನಿವಾರದ ಲಾರಿ ತಪ್ಪಿತು. ಹಬ್ಬದ ಮಾಲು, ಕೊಳ್ಳುವ ಪಾರ್ಟಿ ಹತ್ತಿರ ಏನು ಕೇಳಿಸಿಕೊಂಡೆ ಅಂತ ಇಲ್ಲಿ ಬರೆಯಲ್ಲ.

ಸಪೋರ್ಟ್‌ಗೆ ಬರೆದೆ. ‘ಅದು ತಪ್ಪಲ್ಲ, ಹಾಗೇ ಮಾಡಿರುವುದು’ ಅಂದರು. ಅಕ್ಷರ ತಪ್ಪು ತಿದ್ದಿದಾಗಲೆಲ್ಲ ಮತ್ತೆ ಗಂಟೆ ಹೊಡೆದರೆ ಕಿರಿಕಿರಿ ಅಂತೆ. ಅದು ಒಪ್ಪುವ ಮಾತೇ. ಆದರೆ ಹೊಸದಾಗಿ ಸೇರಿದ ಹೆಸರಿಗಾದರೂ ಒಂದು ಹೊಡೆಯಬಹುದಲ್ವಾ? ಎರಡು ವರ್ಷದಲ್ಲಿ ಬಟನ್‌ಗಳ ಬಣ್ಣ ಮೂರು ಸಲ ಬದಲಾಗಿದೆ, ಇದು ಮಾತ್ರ ಇಲ್ಲ. ಈಗ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಹೆಸರು ಮರೆತರೆ ತಿದ್ದಬೇಡಿ, ಕೆಳಗೆ ಹೊಸ ಕಾಮೆಂಟ್ ಹಾಕಿ. ಹುಡುಗನಿಗೆ ಸಾರಿ ಅಂದೆ, ಟೀ ಕುಡಿಸಿದೆ.

ಮೊಬೈಲ್ ಆ್ಯಪ್‌ನ ತಕರಾರಿನಲ್ಲಿ ಅರ್ಧ ತಪ್ಪು ನಮ್ಮದೇ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಹೊಸದಾಗಿ ಹಾಕಿದ ಆ್ಯಪ್ ನೋಟಿಫಿಕೇಶನ್ ಕಳಿಸಲು ನಮ್ಮ ಅನುಮತಿ ಕೇಳಲೇಬೇಕು. ನಮ್ಮ ಕಟಿಂಗ್ ಮಾಸ್ಟರ್ ಹೊಸ ಫೋನಿನಲ್ಲಿ ಏನು ಕೇಳಿದರೂ ‘ಬೇಡ’ ಒತ್ತುವ ಮನುಷ್ಯ. ಹದಿನೈದು ದಿನ ಅವರಿಗೆ ಏನೂ ಬರಲಿಲ್ಲ, ಅವರು ಆರಾಮಾಗಿದ್ದರು! ಇನ್ನೊಬ್ಬರ ಫೋನಿನಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ್ಯಪನ್ನು ಮಲಗಿಸುತ್ತಿತ್ತು. ಆ್ಯಪ್ ತೆರೆದಾಗ ಎಲ್ಲಾ ಒಟ್ಟಿಗೆ ಸುರಿಯುತ್ತಿತ್ತು. ಆ ಒಂದು ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದ ಮೇಲೆ ಸರಿಹೋಯಿತು. ಆದರೆ ಆಂಡ್ರಾಯ್ಡ್ 8ರಿಂದ, ಅಂದರೆ 2017ರಿಂದ, ಒಂದೇ ಆ್ಯಪಿನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿ ಬೇರೆ ಬೇರೆ ಸದ್ದು ಕೊಡುವ ಸೌಲಭ್ಯ ಇದೆ. ಇವರು ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ್ದಾರೆ. ಹೆಸರು ಕರೆದರೂ ‘ಟಿಂಗ್’, ಯಾರೋ ಲೈಕ್ ಒತ್ತಿದರೂ ಅದೇ ‘ಟಿಂಗ್’. ಮೆಷಿನ್ ಸದ್ದಿನಲ್ಲಿ ಅದೂ ಕೇಳಿಸಿದರೆ ಪುಣ್ಯ.

ಒಂದು ವಿಷಯ ಮಾತ್ರ ತುಂಬಾ ಇಷ್ಟ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಎಂಟರವರೆಗೆ ಸದ್ದು ಬೇಡ ಅಂತ ಒಮ್ಮೆ ಇಟ್ಟೆ, ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಮನೆಯವರ ಲೆಕ್ಕದಲ್ಲಿ ಇದೊಂದೇ ಒಳ್ಳೆಯ ಗುಣ.

ಐದಕ್ಕೆ ಮೂರು ಸ್ಟಾರ್. ನೀವು ತಗೊಳ್ಳೋ ಹಾಗಿದ್ದರೆ, ಫ್ರೀ ಟ್ರಯಲ್‌ನಲ್ಲೇ ಎರಡು ಫೋನ್ ಇಟ್ಟುಕೊಂಡು ಕೂತುಕೊಳ್ಳಿ. ಒಂದರಲ್ಲಿ ಯಾರ ಹೆಸರೂ ಇಲ್ಲದ ಕಾಮೆಂಟ್ ಹಾಕಿ, ಆಮೇಲೆ ಅದನ್ನೇ ತಿದ್ದಿ ಇನ್ನೊಬ್ಬರ ಹೆಸರು ಸೇರಿಸಿ. ಇನ್ನೊಂದು ಫೋನ್ ಸದ್ದು ಮಾಡುತ್ತಾ ನೋಡಿ, ಆಮೇಲೆ ದುಡ್ಡು ಕಟ್ಟಿ.