ಬ್ಲ್ಯಾಕ್‌ಮೇಲ್ ಪದದ ಬೇರು: ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಎಷ್ಟು ಉಪಯುಕ್ತ?

ಬ್ಲ್ಯಾಕ್‌ಮೇಲ್‌ಗೂ ಅಂಚೆಗೂ ನಂಟಿಲ್ಲ. ನಂಟಿದೆ ಎಂಬ ತಪ್ಪು ಕಲ್ಪನೆಯನ್ನು ಕಿತ್ತುಹಾಕಲು, ಇಂಗ್ಲಿಷ್ ಪದಗಳ ಮೂಲ ತಿಳಿಸುವ ಈ ಉಚಿತ ಜಾಲತಾಣದ ಒಂದು ನಮೂದು ಸಾಕು. ಪದವನ್ನು ಬಿಡಿಸದೆ ಇಡಿಯಾಗಿ ಟೈಪ್ ಮಾಡಿ. ಬರೀ ‘ಮೇಲ್’ ಎಂದು ಹುಡುಕಿದರೆ ಅಂಚೆಚೀಲ, ಲೋಹದ ಬಳೆಗಳ ಕವಚ ಎಂಬ ಬೇರೆ ಅರ್ಥಗಳು ಎದುರಾಗಿ ದಾರಿ ತಪ್ಪುತ್ತದೆ.

ಇಲ್ಲಿನ ‘ಮೇಲ್’ ಎಂದರೆ ಗೇಣಿ, ಕಪ್ಪ. ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಮಾತು, ಒಪ್ಪಂದ ಎಂಬರ್ಥದ ‘ಮಾಲ್’ ಪದ ಇದರ ಮೂಲ. 16ನೇ ಶತಮಾನದಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ರೈತರು, ತಮ್ಮ ದನಕರು ಉಳಿದರೆ ಸಾಕೆಂದು ಲೂಟಿಕೋರರಿಗೆ ತೆರುತ್ತಿದ್ದುದೇ ಬ್ಲ್ಯಾಕ್‌ಮೇಲ್. ನಾಣ್ಯದಲ್ಲಿ ಕಟ್ಟುವ ಗೇಣಿಗೆ ‘ಸಿಲ್ವರ್ ಮೇಲ್’ ಎಂಬ ಹೆಸರಿತ್ತು. ಈ ಹೋಲಿಕೆ ಕೊಟ್ಟಿರುವುದೇ ನಮೂದಿನ ಜೀವಾಳ, ಒಮ್ಮೆ ಓದಿದರೆ ‘ಮೇಲ್’ನ ಅರ್ಥ ಮರೆಯುವುದಿಲ್ಲ. ಗುಟ್ಟು ಬಯಲು ಮಾಡುವ ಬೆದರಿಕೆ ಎಂಬ ಅರ್ಥ ಬಂದದ್ದು 19ನೇ ಶತಮಾನದಲ್ಲಿ.

ಕಾನೂನಿನ ಇತಿಹಾಸ ಬೇಕಿದ್ದವರು ಬೇರೆಡೆ ನೋಡಬೇಕು. ಉದಾಹರಣೆಗೆ, ಇಂಗ್ಲೆಂಡಿನ 1601ರ ಕಾಯ್ದೆ ಉತ್ತರದ ನಾಲ್ಕು ಕೌಂಟಿಗಳಲ್ಲಿ ಬ್ಲ್ಯಾಕ್‌ಮೇಲ್ ಪಡೆದವನನ್ನಷ್ಟೇ ಅಲ್ಲ, ಕೊಟ್ಟವನನ್ನೂ ಅಪರಾಧಿಯಾಗಿಸಿತ್ತು. ಹಳೆಯ ಬಳಕೆಯ ವಾಕ್ಯಗಳನ್ನು ಸಾಲಾಗಿ ನೋಡಬೇಕೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಗತಿ. ಅದಕ್ಕೆ ಚಂದಾ ಬೇಕು.