ಮೆತ್ತಗಿನ ಕ್ಲಚ್ ಪೆಡಲ್ ನೋಡಿ ಮರುಳಾಗಬೇಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಾವು ನೋಡುವುದು ಏನು? ಪೇಂಟು, ಟಯರು, ಎ.ಸಿ., ಎಷ್ಟು ಕಿಲೋಮೀಟರ್ ಓಡಿದೆ. ನಾನೂ ಅಷ್ಟೇ ನೋಡಿದೆ. ಬಾನೆಟ್ ಎತ್ತಿಸಿ, ಆಯಿಲ್ ಕಡ್ಡಿ ಎಳೆದು, ಎಲ್ಲ ಗೊತ್ತಿರುವವನ ಹಾಗೆ ಮೂಗಿಗೆ ಹಿಡಿದೂ ನೋಡಿದೆ. ಅದರ ಹತ್ತಿರವೇ, ಕೈಗೆಟುಕುವಲ್ಲೇ ಇದ್ದ ಒಂದು ನಟ್ ಮಾತ್ರ ನೋಡಲಿಲ್ಲ. ಆ ನಟ್ ನನಗೆ 14,000 ರೂಪಾಯಿ ಖರ್ಚು ತಂದಿತು. ಅಮ್ಮನನ್ನು ಆಗುಂಬೆ ಘಾಟಿಯಲ್ಲಿ ರಸ್ತೆ ಪಕ್ಕದ ಕಟ್ಟೆ ಮೇಲೆ ಎರಡು ಗಂಟೆ ಕೂರಿಸಿತು.

ಕಾರು ಹಳೇ ಆಲ್ಟೊ. 796 ಸಿ.ಸಿ., ಮೂರು ಸಿಲಿಂಡರ್, ಉಡುಪಿ ಪೇಟೆಯಲ್ಲಿ ಓಡಾಡೋಕೆ ಸಾಕು ಅನ್ನುವಂಥದ್ದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕಾರಿನ ತಪ್ಪು ಏನೂ ಇಲ್ಲ. ಕ್ಲಚ್ ಪ್ಲೇಟ್ ಅನ್ನುವುದು ಚಪ್ಪಲಿ ಇದ್ದ ಹಾಗೆ, ಸವೆಯುವುದೇ ಅದರ ಕೆಲಸ. ತಪ್ಪು ಇದ್ದದ್ದು ಮಾರಿದವನಲ್ಲಿ. ಅರ್ಧ ನನ್ನಲ್ಲಿ.

ಟೆಸ್ಟ್ ಡ್ರೈವ್ ಅಂತ ಕೊಟ್ಟದ್ದು ಸಮತಟ್ಟು ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್. ಕ್ಲಚ್ ಒತ್ತಿದರೆ ಪೆಡಲ್ ಅರ್ಧದವರೆಗೆ ಸುಮ್ನೆ ಒಳಗೆ ಹೋಗುತ್ತಿತ್ತು. ಬಿಡುವಾಗ ಕಾಲು ನೆಲದಿಂದ ಎರಡು ಬೆರಳು ಮೇಲೆ ಬರುವಷ್ಟರಲ್ಲೇ ಕಾರು ಹೊರಡುತ್ತಿತ್ತು. "ಕ್ಲಚ್ ನೋಡಿ ಸಾರ್, ಬೆಣ್ಣೆ" ಅಂದ ಮಾರುವವನು. ಹೌದಲ್ವಾ ಅನಿಸಿತು. ಅದಕ್ಕಿಂತ ಮೊದಲು ನೋಡಿದ್ದ ಎರಡು ಕಾರುಗಳಲ್ಲಿ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಹಿಡಿಯುತ್ತಿತ್ತು. ಹಾಗೆ ಮೇಲೆ ಹಿಡಿದರೆ ಪ್ಲೇಟ್ ಸವೆದಿದೆ ಅಂತ ಯಾರೋ ಹೇಳಿದ್ದು ಕೇಳಿ ಅವನ್ನು ಬೇಡ ಅಂದಿದ್ದೆ. ಇದು ಕೆಳಗೇ ಹಿಡಿಯುತ್ತದೆ, ಅಂದರೆ ಹೊಸ ಪ್ಲೇಟ್ ಇರಬೇಕು ಅಂತ ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಅರ್ಧ ತಿಳಿವಳಿಕೆ ಎಷ್ಟು ಕೆಟ್ಟದ್ದು ನೋಡಿ.

ನನ್ನ ಲೆಕ್ಕ ಯಾಕೆ ತಪ್ಪಿತು ಅಂತ ತಿಳಿಯಬೇಕಾದರೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ, ಎರಡು ಅಂಗೈ ನಡುವೆ ರೊಟ್ಟಿ ಇದ್ದ ಹಾಗೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಒತ್ತಿ ಹಿಡಿದಾಗ ಇಂಜಿನ್ ಬಲ ಗೇರ್‌ಬಾಕ್ಸಿಗೆ ಹೋಗುತ್ತದೆ. ನಾವು ಪೆಡಲ್ ಒತ್ತಿದರೆ ಕೇಬಲ್ ಒಂದು ಲಿವರ್ ಎಳೆಯುತ್ತದೆ. ಆ ಲಿವರ್ ಒಂದು ಬೇರಿಂಗನ್ನು ಸ್ಪ್ರಿಂಗಿನ ಬೆರಳುಗಳ ಮೇಲೆ ತಳ್ಳುತ್ತದೆ, ಹಿಡಿತ ಬಿಡುತ್ತದೆ. ಪೆಡಲ್ ಮೇಲೆ ಕಾಲು ಇಲ್ಲದಾಗ ಬೇರಿಂಗಿಗೂ ಆ ಬೆರಳುಗಳಿಗೂ ನಡುವೆ ಚೂರು ಜಾಗ ಬೇಕು. ಗ್ಯಾರೇಜಿನವರು ಪ್ಲೇ ಅನ್ನುವುದು ಇದಕ್ಕೆ.

ಪ್ಲೇಟ್ ತೆಳ್ಳಗಾದಂತೆ ಸ್ಪ್ರಿಂಗಿನ ಬೆರಳುಗಳು ಬೇರಿಂಗ್ ಕಡೆಗೆ ಸರಿಯುತ್ತವೆ. ಪ್ಲೇ ತಿಂದುಹೋಗುತ್ತದೆ, ಕ್ಲಚ್ ಮೇಲೆ ಹಿಡಿಯೋಕೆ ಶುರುವಾಗುತ್ತದೆ. ಆಗ ಕೇಬಲ್ ತುದಿಯ ನಟ್ ಸಡಿಲ ಮಾಡಿ ಮತ್ತೆ ಪ್ಲೇ ತರಬೇಕು. ಇದು ಮಾಡಲೇಬೇಕಾದ ಕೆಲಸ, ಅದರಲ್ಲಿ ಮೋಸ ಏನೂ ಇಲ್ಲ. ಆದರೆ ಪ್ಲೇಟ್ ಮುಗಿದ ಕಾರಿನಲ್ಲೂ ನಟ್ ಸಡಿಲ ಮಾಡುತ್ತಾ ಹೋದರೆ ಪೆಡಲ್ ಮೆತ್ತಗಾಗುತ್ತದೆ, ಕೆಳಗೇ ಹಿಡಿಯುತ್ತದೆ. ಒಂದೂವರೆ ಕಿಲೋಮೀಟರ್ ಸಮತಟ್ಟು ರಸ್ತೆಗೆ ಅಷ್ಟು ಸಾಕು. ನನ್ನ ಬೆಣ್ಣೆ ಕ್ಲಚ್ ಆದದ್ದು ಹೀಗೆ.

ಹತ್ತು ದಿನದಲ್ಲಿ ರಿವರ್ಸ್ ಹಾಕಿದರೆ ಕರ್ರ್ ಅಂತ ಸದ್ದು. ಬೆಳಿಗ್ಗೆ ಗೇಟಿನಿಂದ ಹೊರಗೆ ತೆಗೆಯುವಾಗ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕುವಷ್ಟು. ಕೇಬಲ್ ಅತಿಯಾಗಿ ಸಡಿಲ ಇದ್ದದ್ದರಿಂದ ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಪೂರ್ತಿ ಬಿಡುತ್ತಿರಲಿಲ್ಲ. ನನಗೆ ಅದೆಲ್ಲಿ ಗೊತ್ತು? ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಪೆಡಲ್ ಒಂದು ಸಲ ಒತ್ತಿದ, "ಕೇಬಲ್ ಲೂಸ್" ಅಂದ, ಸ್ಪ್ಯಾನರ್ ಹಾಕಿ ತಿರುಗಿಸಿದ, 100 ರೂಪಾಯಿ ತೆಗೆದುಕೊಂಡ. ಎರಡು ನಿಮಿಷದ ಕೆಲಸ. ರಿವರ್ಸ್ ಸದ್ದಿಲ್ಲದೆ ಬಿತ್ತು. ಹುಡುಗ ಜಾಣ ಅಂದುಕೊಂಡೆ. ಬಿಗಿ ಮಾಡಿದ ಮೇಲೆ ಎಷ್ಟು ಪ್ಲೇ ಉಳಿದಿದೆ ಅಂತ ಅವನು ನೋಡಲಿಲ್ಲ. ನೋಡು ಅಂತ ನಾನೂ ಹೇಳಲಿಲ್ಲ.

ಉಳಿದಿರಲಿಲ್ಲ. ಬೇರಿಂಗ್ ಈಗ ಹಗಲು ರಾತ್ರಿ ಸ್ಪ್ರಿಂಗ್ ಮೇಲೆ ಕೂತಿತ್ತು. ಅಂದರೆ ಕಾಲು ಇಡದಿದ್ದರೂ ಕಾರು ಯಾವಾಗಲೂ ಹಾಫ್ ಕ್ಲಚ್ಚಿನಲ್ಲೇ, ಪೆಡಲ್ ಅರ್ಧ ಒತ್ತಿ ಹಿಡಿದ ಹಾಗೆ, ಓಡುತ್ತಿತ್ತು.

ಸೂಚನೆ ಸಿಗಲಿಲ್ಲ ಅಂತಲ್ಲ. ಹೈವೇಯಲ್ಲಿ ನಾಲ್ಕನೇ ಗೇರಿನಲ್ಲಿ ಒಂದು ಟೆಂಪೋ ದಾಟೋಕೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿತು, ಕಾರು ಮಾತ್ರ ಹಾಗೇ ಇತ್ತು. ಪಿಕಪ್ ಕಮ್ಮಿ, ಎ.ಸಿ. ಹಾಕಿದ್ದಕ್ಕೆ ಇರಬೇಕು ಅಂದುಕೊಂಡೆ. ನನ್ನ ಕಾರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಮೀಟರ್. ಆ ಕಿವಿಗೆ ಹಾಡು ಹಾಕಿಕೊಂಡಿದ್ದೆ.

ಆಮೇಲಿನ ಭಾನುವಾರ ಅಮ್ಮ, ಹೆಂಡತಿ, ಮಗನನ್ನು ಕೂರಿಸಿಕೊಂಡು ಶೃಂಗೇರಿಗೆ ಹೊರಟೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಏನೂ ಇಲ್ಲ. ಅಲ್ಲಿಂದ ಘಾಟಿ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಹೋದವರಿಗೆ ಗೊತ್ತು, ತಿರುವಿನಲ್ಲಿ ವೇಗ ಪೂರ್ತಿ ಇಳಿಸಿ ಫಸ್ಟ್ ಗೇರಿನಲ್ಲಿ ಎಳೆಯಬೇಕು. ಎರಡು ತಿರುವು ಹೇಗೋ ಆಯಿತು. ಮೂರನೆಯದರಲ್ಲಿ ಇಂಜಿನ್ ಜೋರಾಗಿ ಅರಚಿತು, ಕಾರು ನಡೆಯುವವರಷ್ಟು ನಿಧಾನಕ್ಕೆ ತೆವಳಿತು. "ಯಾರೋ ಹಳೇ ಟಯರ್ ಸುಡ್ತಾ ಇದ್ದಾರಾ?" ಅಂದರು ಅಮ್ಮ. ಟಯರ್ ಅಲ್ಲ. ಸುಟ್ಟ ಬ್ರೇಕ್ ಲೈನರಿನಂಥ ಒಂದು ಕಮಟು ವಾಸನೆ, ಗಂಟಲಿಗೆ ಹಿಡಿಯುವಂಥದ್ದು. ಒಮ್ಮೆ ಮೂಗಿಗೆ ಹೋದರೆ ಜನ್ಮಕ್ಕೆ ಮರೆಯಲ್ಲ. ನಾಲ್ಕನೇ ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹೊಗೆ ಬಂತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ಅಲುಗಲಿಲ್ಲ, ಹಿಂದಕ್ಕೆ ಜಾರೋಕೆ ಶುರು ಮಾಡಿತು. ಹಿಂದೆ ಒಂದು ಮಿನಿ ಬಸ್.

ಹ್ಯಾಂಡ್ ಬ್ರೇಕ್ ಎಳೆದೆ. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಬಸ್ಸಿನವರೇ ಇಳಿದು ಬಂದು ಕಾರನ್ನು ಪಕ್ಕಕ್ಕೆ ತಳ್ಳಿದರು. ಆ ಬಸ್ಸಿನ ಡ್ರೈವರ್ ಬಾನೆಟ್ ಎತ್ತಿ, ಬ್ಯಾಟರಿ ಪಕ್ಕದಿಂದ ಮೊಬೈಲ್ ಟಾರ್ಚ್ ಬಿಟ್ಟು, ಗೇರ್‌ಬಾಕ್ಸ್ ಮೇಲಿನ ಲಿವರ್ ತೋರಿಸಿದರು. "ಅಲ್ಲಾಡಿಸಿ ನೋಡಿ." ಬೆರಳಲ್ಲಿ ಅಲ್ಲಾಡಿಸಿದೆ. ಗೋಡೆಗೆ ಹೊಡೆದ ಮೊಳೆ ಹಾಗೆ ಗಟ್ಟಿ ಇತ್ತು. "ಚೂರು ಆಡಬೇಕು ಇದು." ಆಮೇಲೆ ನಟ್ ತೋರಿಸಿದರು. ಕೇಬಲ್ ತುದಿಯ ಥ್ರೆಡ್ಡಿನಲ್ಲಿ ನಟ್ಟಿನ ಆಚೆ ಉಳಿದದ್ದು ನಾಲ್ಕೈದು ಸುತ್ತು ಮಾತ್ರ. ಅದನ್ನೂ ಸಡಿಲ ಮಾಡಿದರು. ಲಿವರ್ ಸ್ವಲ್ಪ ಆಡಿತು. ನಟ್ ಈಗ ಕಟ್ಟಕಡೆಯ ಸುತ್ತಿನಲ್ಲಿ ನೇತಾಡುತ್ತಿತ್ತು. "ಇನ್ನು ತಿರುಗಿಸೋಕೆ ಜಾಗ ಇಲ್ಲ. ಪ್ಲೇಟ್ ಮುಗಿದಿದೆ. ಮೇಲೆ ಹತ್ತಬೇಡಿ" ಅಂದರು.

ಅಲ್ಲೇ ಕಾದು, ಎಲ್ಲ ತಣ್ಣಗಾದ ಮೇಲೆ ನಾನೊಬ್ಬನೇ ಕಾರು ತಿರುಗಿಸಿ ಸೋಮೇಶ್ವರಕ್ಕೆ ಇಳಿಸಿದೆ. ಉಳಿದವರು ಸಿಕ್ಕ ಬಸ್ಸಿನಲ್ಲಿ ಬಂದರು. ಕ್ಲಚ್ ಜಾರುವ ಕಾರಿಗೆ ಇಂಜಿನ್ ಹಿಡಿತವೂ ನೆಚ್ಚುವ ಹಾಗಿಲ್ಲ, ಇಳಿಯುವಾಗ ಭಾರವೆಲ್ಲ ಬ್ರೇಕ್ ಮೇಲೆ. ಈಗ ಯೋಚಿಸಿದರೆ ಅದನ್ನೂ ಮಾಡಬಾರದಿತ್ತು, ಟೋಯಿಂಗ್ ಗಾಡಿಯನ್ನು ಅಲ್ಲಿಗೇ ಕರೆಸಬೇಕಿತ್ತು.

ಉಡುಪಿಯಲ್ಲಿ ಗೇರ್‌ಬಾಕ್ಸ್ ಇಳಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪ್ಲೇಟಿನ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಮೇಲ್ಪದರ, ಅದನ್ನು ಕೂರಿಸಿದ ರಿವೆಟ್ ಮಟ್ಟಕ್ಕೆ ಸವೆದಿತ್ತು. ರಿವೆಟ್ ತಲೆಗಳು ಹೊಸ ನಾಣ್ಯದ ಹಾಗೆ ಹೊಳೆಯುತ್ತಿದ್ದವು. ಅವು ಉಜ್ಜಿ ಪ್ರೆಶರ್ ಪ್ಲೇಟಿನಲ್ಲಿ ಗ್ರಾಮಫೋನ್ ತಟ್ಟೆಯಂಥ ಗೆರೆಗಳು. ಫ್ಲೈವೀಲ್ ಮೇಲೆ ಕಾವಿಗೆ ಎದ್ದ ನೀಲಿ ಕಲೆಗಳು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು ಹಾಕಿಸಿದೆ. ಕೇಬಲ್ಲೂ ಹೊಸದು. ಫ್ಲೈವೀಲ್ ಮಟ್ಟ ಮಾಡಿಸಿದೆ. ಟೋಯಿಂಗ್ ಸೇರಿ 14,000. ಪ್ಲೇಟ್ ಒಂದನ್ನೇ ಹಾಕಿ ದುಡ್ಡು ಉಳಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ, ಆರು ತಿಂಗಳಿಗೆ ಬೇರಿಂಗ್ ಹೋದರೆ ಅದೇ ಕೂಲಿ ಮತ್ತೆ ಕೊಡಬೇಕು. ಇಳಿಸಿದಾಗಲೇ ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ಅಂತಲೂ ನೋಡಿಸಿ. ಪ್ಲೇಟಿಗೆ ಆಯಿಲ್ ಬಿದ್ದರೆ ಹೊಸ ಪ್ಲೇಟೂ ಜಾರುತ್ತದೆ.

ಈಗ ಯಾರಾದರೂ ಕಾರು ನೋಡೋಕೆ ಕರೆದರೆ ನಾನು ಮೊದಲು ಟಾರ್ಚ್ ತೆಗೆಯುತ್ತೇನೆ. ಕೇಬಲ್ ಕ್ಲಚ್ ಆದರೆ ನಟ್ ಎಲ್ಲಿದೆ ನೋಡುತ್ತೇನೆ. ತುದಿಗೆ ಬಂದಿದ್ದರೆ ಪ್ಲೇಟ್ ತುದಿಗೆ ಬಂದಿದೆ ಅಂತಲೇ ಲೆಕ್ಕ. ಥ್ರೆಡ್ಡೆಲ್ಲ ತುಕ್ಕು ಹಿಡಿದು ನಡುವೆ ಒಂದು ತುಂಡು ಮಾತ್ರ ಹೊಳೆಯುತ್ತಿದ್ದರೆ ನಟ್ ಇತ್ತೀಚೆಗೆ ಅಲ್ಲಿಂದ ಸರಿದಿದೆ. ಯಾಕೆ ಸರಿಸಿದಿರಿ ಅಂತ ಕೇಳಿ, ಮಾರುವವನ ಮುಖ ನೋಡಿ. ಆಮೇಲೆ ಪೆಡಲನ್ನು ಕಾಲಲ್ಲಿ ಅಲ್ಲ, ಕೈಯಲ್ಲಿ ಒತ್ತಿ. ಗಟ್ಟಿ ಸಿಗುವವರೆಗೆ ಎಷ್ಟು ಸುಮ್ನೆ ಹೋಗುತ್ತದೆ ಅನ್ನುವುದೇ ಪ್ಲೇ. ಆಲ್ಟೊ ತರದ ಕಾರಿನಲ್ಲಿ ಅದು ಸುಮಾರು 15ರಿಂದ 25 ಮಿಲಿಮೀಟರ್. ಬೇರೆ ಕಾರಾದರೆ ಅದರ ಮ್ಯಾನ್ಯುಯಲ್ ನೋಡಿ. ಏನೂ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ. ವಿಪರೀತ ಇದ್ದರೆ ಗೇರ್ ಕರ್ರ್ ಅನ್ನುತ್ತದೆ. ಜಾರಿದರೆ ನಟ್ ಸಡಿಲ, ಕರ್ರ್ ಅಂದರೆ ಬಿಗಿ. ಎರಡೂ ತಿರುಗಿಸುವುದು ಅದೇ ನಟ್ಟನ್ನೇ, ಅದಕ್ಕೇ ಒಂದು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡುವುದು.

ಇಷ್ಟಾದರೂ ಸಾಲದು, ಏರು ಬೇಕು. ಒಂದು ಒಳ್ಳೇ ಏರಿನಲ್ಲಿ ಮೂರನೇ ಗೇರು, 30ರ ವೇಗ, ಆಕ್ಸಿಲರೇಟರ್ ಪೂರ್ತಿ. ಇಂಜಿನ್ ಸದ್ದು ಏರಿದಷ್ಟೇ ವೇಗವೂ ಏರಬೇಕು. ಸದ್ದು ಮುಂದೆ ಓಡಿ ಕಾರು ಹಿಂದೆ ಉಳಿದರೆ ಬೀಗದ ಕೈ ವಾಪಸ್ ಕೊಡಿ. ಏರಿಗೆ ಬಿಡಲ್ಲ ಅಂದರೆ ಅದೂ ಒಂದು ಉತ್ತರವೇ. ಖಾಲಿ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಗಟ್ಟಿ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟರೆ ಇಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಇದನ್ನು ಒಂದೇ ಸಲ ಮಾಡಿ. ಮತ್ತೆ ಮತ್ತೆ ಮಾಡಿದರೆ ಒಳ್ಳೇ ಪ್ಲೇಟೂ ಸುಡುತ್ತದೆ. ಕೇಬಲ್ ಬದಲು ದ್ರವದ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರುವ ಕಾರಿನಲ್ಲಿ ಈ ಕೇಬಲ್ ನಟ್ ಇರಲ್ಲ, ಅಲ್ಲಿ ಏರೇ ಗತಿ.

ಮಾರಿದವನಿಗೆ ಫೋನ್ ಮಾಡಿದೆ, ಬಿಡುತ್ತೇನಾ? "ನಿಮ್ಗೆ ಘಾಟಿಲಿ ಓಡ್ಸೋಕೆ ಬರಲ್ಲ ಸಾರ್" ಅಂದ. ಒಪ್ಪಂದದ ಕಾಗದದಲ್ಲಿ ಇದ್ದಂತೆ ಕೊಂಡಿದ್ದೇನೆ ಅಂತ ಸಹಿ ಹಾಕಿದ್ದೆ. ಅವನ ಮಾತಿನಲ್ಲಿ ಚೂರು ಸತ್ಯವೂ ಇತ್ತು. ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಓಡಿಸುವುದು, ಏರಿನ ಸಿಗ್ನಲ್ಲಿನಲ್ಲಿ ಬ್ರೇಕ್ ಬಿಟ್ಟು ಕ್ಲಚ್ಚಿನಲ್ಲೇ ಕಾರು ನಿಲ್ಲಿಸುವುದು ನನ್ನ ಹಳೇ ಚಟ. ಉಳಿದಿದ್ದ ಚೂರುಪಾರು ಲೈನಿಂಗನ್ನು ತಿಂದವನು ನಾನೇ.

ಹೊಸ ಪ್ಲೇಟ್ ಕೂತುಕೊಂಡ ಮೇಲೆ ಪ್ಲೇ ಬದಲಾಗುತ್ತದೆ, 500 ಕಿಲೋಮೀಟರ್ ಆದ ಮೇಲೆ ಬನ್ನಿ ಅಂದಿದ್ದರು ಗ್ಯಾರೇಜಿನವರು. ಹೋಗಿ ನೋಡಿಸಿದೆ. ನಟ್ ಥ್ರೆಡ್ಡಿನ ಒಳಗಡೆಗೆ ಆರಾಮಾಗಿ ಕೂತಿದೆ, ಲಿವರ್ ಹದವಾಗಿ ಆಡುತ್ತಿದೆ. ಕಳೆದ ತಿಂಗಳು ಅಮ್ಮ ಶೃಂಗೇರಿಗೆ ಹೋಗಿ ಬಂದರು. ಬಸ್ಸಿನಲ್ಲಿ.